ಪೆಟ್ಟಿಗೆಯೊಳಗಿನ ಬಂಗುಡೆ

ಬಂಗುಡೆ ಹುರಿಯುವ ವಾಸನೆ ಬಂದರೆ ಮಂಗಳೂರಿನವರಿಗೆ ಹಸಿವಾಗುತ್ತದೆ. ನನಗೆ ವಿಜ್ಞಾನದ ಪೀರಿಯಡ್ ನೆನಪಾಗುತ್ತದೆ. ಹೇಳಿದರೆ ಯಾರೂ ನಂಬುವುದಿಲ್ಲ, ಯಾಕೆಂದರೆ ನಾನು ದೇವಸ್ಥಾನದ ಭಟ್ರ ಮಗಳು, ಇವತ್ತಿನವರೆಗೆ ಮೀನಿನ ರುಚಿ ಕಂಡವಳಲ್ಲ. ಮೊನ್ನೆ ಬಿಜೈಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಹೋಟೆಲಿನ ಕಾವಲಿಯಿಂದ ಆ ವಾಸನೆ ಬಂತು ನೋಡಿ... ನನ್ನ ಬಸ್ಸು ಬಂದು ನಿಂತು ಹೊರಟು ಹೋದದ್ದೂ ಗೊತ್ತಾಗಲಿಲ್ಲ.

ಮಣ್ಣಗುಡ್ಡದ ನಮ್ಮ ಹೈಸ್ಕೂಲಿನಲ್ಲಿ ವಿಜ್ಞಾನಕ್ಕೆ ಒಬ್ಬರು ಟೀಚರ್ ಇದ್ದರು. ಗಿಡ್ಡ ಜೀವ, ದೊಡ್ಡ ಗಂಟಲು. ಬೆಳಿಗ್ಗೆ ಬಂದರಿನ ಮಾರ್ಕೆಟಿಗೆ ಹೋಗಿ, ಅಲ್ಲಿಂದ ಸಿಟಿ ಬಸ್ಸು ಹಿಡಿದು ಶಾಲೆಗೆ ಬರುತ್ತಿದ್ದರು. ಕೈಯಲ್ಲಿ ಯಾವಾಗಲೂ ಒಂದು ಬಟ್ಟೆಯ ಚೀಲ. ಬಸ್ಸಿನಲ್ಲಿ ಆ ಚೀಲದ ಪಕ್ಕ ಯಾರೂ ಕೂರುತ್ತಿರಲಿಲ್ಲವಂತೆ. "ನನಗೆ ಯಾವಾಗಲೂ ಎರಡು ಸೀಟು ಮಾರಾಯ್ರೆ" ಎಂದು ಅವರೇ ಹೇಳಿ ನಗುತ್ತಿದ್ದರು. ಆ ಚೀಲದಿಂದ ಯಾವ ದಿನ ಏನು ಹೊರಗೆ ಬರುತ್ತದೆ ಎಂಬುದು ದೇವರಿಗೇ ಗೊತ್ತು. ಮೊಳಕೆ ಬಂದ ತೆಂಗಿನಕಾಯಿ, ಮರುವಾಯಿಯ ಚಿಪ್ಪು, ಹಗ್ಗ ಕಟ್ಟಿದ ಜೀವಂತ ಏಡಿ. ಒಮ್ಮೆ ಆಡಿನ ಶ್ವಾಸಕೋಶವನ್ನೇ ತಂದು, ಅದಕ್ಕೆ ರಬ್ಬರ್ ಕೊಳವೆ ಸಿಕ್ಕಿಸಿ, ಊದಿ ಉಬ್ಬಿಸಿ ತೋರಿಸಿದರಂತೆ.

"ಅಂತೆ" ಎನ್ನುತ್ತಿದ್ದೇನೆ, ಯಾಕೆಂದರೆ ಆಗ ನಾನು ಹೊರಗೆ ಜಗಲಿಯಲ್ಲಿದ್ದೆ. ನನ್ನನ್ನು ಶಾಲೆಗೆ ಸೇರಿಸುವಾಗಲೇ ಅಪ್ಪ ಹೆಡ್‌ಮಾಸ್ಟರಿಗೆ ಹೇಳಿಬಿಟ್ಟಿದ್ದರು: ಮೀನು, ಮಾಂಸ ಇರುವಲ್ಲಿ ನನ್ನ ಮಗಳನ್ನು ಕೂರಿಸಬೇಡಿ. ಹಾಗಾಗಿ ಚೀಲದೊಳಗೆ ಅಂಥದ್ದೇನಾದರೂ ಇದ್ದ ದಿನ ನಾನು ಪುಸ್ತಕ ಹಿಡಿದು ಹೊರಗೆ. ಒಳಗಿನಿಂದ "ಅಬ್ಬಾ!", "ಛೀ!", "ನಂಗೆ ತೋರ್ಸು ಮಾರಾಯ!" ಎಂಬ ಗದ್ದಲ. ಅದನ್ನು ಕೇಳುತ್ತಾ ಕೂರುವ ಸಂಕಟ ಯಾವ ಶತ್ರುವಿಗೂ ಬೇಡ.

ಮೀನಿನ ಉಸಿರಾಟದ ಪಾಠವೂ ಹಾಗೆಯೇ ಆಯಿತು. ಮರುದಿನ ಕಿವಿರಿನ ಚಿತ್ರ ಬಿಡಿಸಲು ಹೇಳಿದರು. ನಾನು ಪುಸ್ತಕದ ಮಸಿ ಮೆತ್ತಿದ ಚಿತ್ರ ನೋಡಿ, ಹೇಗೋ ತೋಚಿದಂತೆ ಬಿಡಿಸಿದೆ. ಟೀಚರ್ ನೋಡಿದವರೇ ಜೋರಾಗಿ ನಕ್ಕರು.

"ಇದೆಂತ ಮಾರಾಯ್ತಿ, ಮೀನಿಗೆ ಲೋಲಾಕು ಹಾಕಿದ್ದೀಯಾ?"

ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ನಾನು ಬಿಕ್ಕಿ ಬಿಕ್ಕಿ ಅತ್ತೆ. ಟೀಚರ ನಗು ಅಲ್ಲೇ ನಿಂತಿತು. ನನ್ನ ಬೆಂಚಿನ ಪಕ್ಕಕ್ಕೆ ಬಂದರು. "ನೋಡದೆ ಹೇಗೆ ಬಿಡಿಸುವುದು? ತಪ್ಪು ನಿಂದಲ್ಲ" ಎಂದರು.

ಅದೇ ಸಂಜೆ ಅವರು ದೇವಸ್ಥಾನದ ಅಂಗಳಕ್ಕೆ ಬಂದರು. ಅಪ್ಪ ಗಂಧ ತೇಯುತ್ತಿದ್ದರು. ನಾನು ಕಂಬದ ಹಿಂದೆ ಅಡಗಿ ನಿಂತೆ.

"ಭಟ್ರೇ, ಮೀನಿನ ನೆರಳು ನೋಡಿದರೆ ದೋಷ ಉಂಟಾ?"

ಅಪ್ಪ ತಲೆಯೆತ್ತಿದರು. ಟೀಚರ್ ಕೈ ಆಡಿಸುತ್ತಾ ವಿವರಿಸಿದರು: ಕಾಲೇಜಿನಲ್ಲಿ ಎಪಿಡಯಾಸ್ಕೋಪ್ ಅಂತ ಒಂದು ಪೆಟ್ಟಿಗೆ ಉಂಟು, ಅದರೊಳಗೆ ಎಲೆಯೋ ಪುಸ್ತಕವೋ ಏನಿಟ್ಟರೂ ಗೋಡೆ ಮೇಲೆ ದೊಡ್ಡದಾಗಿ ಬೀಳ್ತದೆ. ಮೀನು ಪೆಟ್ಟಿಗೆಯೊಳಗೆ, ನಿಮ್ಮ ಮಗಳು ಕಡೇ ಬೆಂಚಿನಲ್ಲಿ. "ಮುಟ್ಟುವುದು ಇಲ್ಲ. ವಾಸನೆ ಕೂಡ ಬರ್ಲಿಕ್ಕಿಲ್ಲ. ಅದಕ್ಕೆ ನಾನು ಜವಾಬ್ದಾರಿ."

ಅಪ್ಪ ಬಹಳ ಹೊತ್ತು ಗಂಧ ತೇದರು. ಕಡೆಗೆ, "ನೆರಳಿಗೆ ಎಂತ ದೋಷ?" ಎಂದರು.

ಆ ಪೆಟ್ಟಿಗೆಯನ್ನು ರಿಕ್ಷಾದಲ್ಲಿ, ಮಗುವನ್ನು ಕೂರಿಸಿದ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ತಂದರು ನಮ್ಮ ಟೀಚರ್. ಕಿಟಕಿಗಳಿಗೆ ಕಂಬಳಿ. ಗೋಡೆಗೆ ಅವರ ಯಜಮಾನರ ಬಿಳಿ ಮುಂಡು. ದೀಪ ಹಾಕಿದರು. ಮುಂಡಿನ ಮೇಲೆ ಬಂಗುಡೆಯ ಕಿವಿರು: ಕೆಂಪು ಬಾಚಣಿಗೆಗಳು, ಒಂದರ ಹಿಂದೆ ಒಂದು, ಬಾಗಿಲಿನಷ್ಟು ದೊಡ್ಡದಾಗಿ... ಅಯ್ಯೋ ದೇವರೇ, ಎಷ್ಟು ಚಂದ ಇತ್ತು! ಮೀನಿನ ಒಳಗೆ ಇಂಥ ಕುಸುರಿ ಕೆಲಸ ಇರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ.

"ಹಿಂದೆ ಕೂತವರಿಗೆ ಕಾಣ್ತದಾ?" ಟೀಚರ್ ಕೇಳಿದರು. ಹಿಂದೆ ಕೂತವಳು ನಾನೊಬ್ಬಳೇ. ಕಾಣ್ತದೆ ಎಂದೆ. ಇನ್ನೂ ಸರಿಯಾಗಿ ನೋಡು ಎಂದರು. ನೀರು ಎಲ್ಲಿಂದ ಒಳಗೆ ಬರ್ತದೆ, ಎಲ್ಲಿ ಹೊರಗೆ ಹೋಗ್ತದೆ, ಮತ್ತೊಮ್ಮೆ, ಇನ್ನೊಮ್ಮೆ. ಸಾಕು ಎನ್ನಲು ನನಗೂ ಮನಸ್ಸಿಲ್ಲ, ದೀಪ ಆರಿಸಲು ಅವರಿಗೂ ಮನಸ್ಸಿಲ್ಲ. ಪೆಟ್ಟಿಗೆಯ ದೀಪವೋ, ಒಲೆಯ ಹಾಗೆ ಕಾಯುವಂಥದ್ದು.

ಮೊದಲು ಸಣ್ಣಗೆ ಹೊಗೆ. ಆಮೇಲೆ ವಾಸನೆ. ಬಂಗುಡೆ ಬೇಯುತ್ತಿತ್ತು!

"ಟೀಚರ್, ಮೆಣಸು ಹಚ್ಚಿದ್ದೀರಾ?" ಎಂದು ಒಬ್ಬ ಕೂಗಿದ. ಕ್ಲಾಸು ಚಪ್ಪಾಳೆ ತಟ್ಟಿತು. ವಾಸನೆ ಮೆಟ್ಟಿಲಿಳಿದು ಇಡೀ ಶಾಲೆ ತುಂಬಿತು. ಹೆಡ್‌ಮಾಸ್ಟರ್ ಓಡಿಬಂದರು. ಕತ್ತಲೆಯಲ್ಲಿ ಟೀಚರ್ ಒಬ್ಬರೇ ನಗದೆ ನಿಂತಿದ್ದರು. ಅವರು ನೋಡುತ್ತಿದ್ದದ್ದು ನನ್ನನ್ನು.

ಮನೆಯಲ್ಲಿ ಅಮ್ಮ ಹಿತ್ತಲ ಬಾಗಿಲಲ್ಲೇ ತಡೆದು, ತಲೆಗೆ ನೀರು ಸುರಿದ ಮೇಲೆಯೇ ಒಳಗೆ ಬಿಟ್ಟರು. ಸಂಜೆ ಅಪ್ಪನ ಜೊತೆ ಹೂ ಬಿಡಿಸುವಾಗ ನಾನೇ ಬಾಯಿ ಬಿಟ್ಟೆ. ಕೆಂಪು ಬಾಚಣಿಗೆಯ ಬಗ್ಗೆ ಹೇಳಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ನಾಳೆಯಿಂದ ಮತ್ತೆ ಜಗಲಿಯೇ ಗತಿ ಎಂಬ ಹೆದರಿಕೆ ಮಾತ್ರ ಇದ್ದೇ ಇತ್ತು.

ಮರುದಿನ ಬೆಳಿಗ್ಗೆ ಟೀಚರ್ ನಮ್ಮ ಗೇಟಿನ ಹೊರಗೆ ನಿಂತಿದ್ದರು. ಕೈಯಲ್ಲಿ ಚೀಲ ಇರಲಿಲ್ಲ.

"ಮಾತು ತಪ್ಪಿದೆ ಭಟ್ರೇ."

"ಸ್ನಾನ ಮಾಡಿದಳು, ಮುಗೀತು" ಎಂದರು ಅಪ್ಪ. "ಬಾಚಣಿಗೆ ಹಾಗೆ ಉಂಟಂತೆ ಅಲ್ವಾ? ನಂಗೂ ಗೊತ್ತಿರ್ಲಿಲ್ಲ." ಮತ್ತೆ, "ಇವತ್ತು ಎಂತ ಪಾಠ?" ಎಂದು ಕೇಳಿದರು.

"ಹೂವಿನ ಭಾಗಗಳು."

ಅಪ್ಪ ಒಳಗೆ ಹೋದರು. ಪೂಜೆಗೆಂದು ಕೊಯ್ದಿಟ್ಟಿದ್ದ ದಾಸವಾಳದ ಬುಟ್ಟಿಯನ್ನು ತಂದು ಹಾಗೆಯೇ ಅವರ ಕೈಗೆ ಕೊಟ್ಟರು. ದೇವರಿಗೆ ಆ ದಿನ ತುಳಸಿ ಮಾತ್ರ. ಟೀಚರ್ ಬುಟ್ಟಿ ಹಿಡಿದು ನಿಂತೇ ಇದ್ದರು, ಕಣ್ಣು ತುಂಬಿತ್ತು.

ಹೆಡ್‌ಮಾಸ್ಟರ್ ಮಾತ್ರ ಕರಗಲಿಲ್ಲ. ಮೀನು, ಏಡಿ ಯಾವುದೂ ಇನ್ನು ಶಾಲೆಯ ಒಳಗೆ ಬರಕೂಡದು, ಚಾರ್ಟ್ ಉಂಟಲ್ಲ ಎಂದರು. ನಾನು ಮತ್ತೆ ಜಗಲಿಯಲ್ಲಿ ಕೂರಲಿಲ್ಲ, ನಿಜ. ಆದರೆ ಟೀಚರ್ ಚಾರ್ಟಿನ ಮುಂದೆ ಕೋಲು ಹಿಡಿದು ನಿಂತಾಗ ಅವರ ಆ ದೊಡ್ಡ ಗಂಟಲು ಎಲ್ಲಿಗೋ ಹೋಗಿಬಿಡುತ್ತಿತ್ತು... ನೋಡಲಿಕ್ಕೇ ಬೇಸರವಾಗುತ್ತಿತ್ತು.

ಈಗ ನಾನೂ ವಿಜ್ಞಾನದ ಟೀಚರ್. ನಮ್ಮ ಕ್ಲಾಸಿನಲ್ಲಿ ಸ್ಮಾರ್ಟ್ ಬೋರ್ಡ್ ಉಂಟು. ಒತ್ತಿದರೆ ಸಾಕು, ಕಿವಿರಿನೊಳಗೆ ನೀಲಿ ನೀರು ಹರಿಯುತ್ತದೆ. ಬಿಜೈಯಲ್ಲಿ ಆ ವಾಸನೆ ಬಂದ ದಿನವೇ ಒಬ್ಬ ಹುಡುಗಿ, "ಮಿಸ್, ನಿಜವಾಗಿ ಹೀಗೇ ಉಂಟಾ? ನೀವು ನೋಡಿದ್ದೀರಾ?" ಎಂದು ಕೇಳಿದ್ದಳು. ನಾನು ನೋಡಿದ್ದು ಒಮ್ಮೆ, ಒಂದು ಮುಂಡಿನ ಮೇಲೆ.

ಮರುದಿನ ಬೆಳಿಗ್ಗೆ ಜೀವನದಲ್ಲಿ ಮೊದಲ ಸಲ ಬಂದರಿನ ಮಾರ್ಕೆಟಿಗೆ ಹೋದೆ. ಒಬ್ಬರು ವಯಸ್ಸಾದ ಹೆಂಗಸು ಬಂಗುಡೆ ಹಾಕಿಕೊಂಡು ಕೂತಿದ್ದರು. ಕ್ಲೀನ್ ಮಾಡಿ ಕೊಡಬೇಕಾ ಎಂದು ಕತ್ತಿ ಎತ್ತಿಕೊಂಡರು.

"ಬೇಡಮ್ಮ, ಒಳಗಿನ ಕೆಂಪು ಹಾಗೇ ಇರ್ಲಿ. ಮಕ್ಕಳಿಗೆ ತೋರಿಸ್ಲಿಕ್ಕೆ."

ಅವರು ನನ್ನ ಮುಖವನ್ನೇ ನೋಡಿದರು. "ಹೀಗೆ ಕೇಳುವವರು ಮೊದಲು ಒಬ್ರು ಟೀಚರ್ ಇದ್ರು. ಗಿಡ್ಡ. ರಿಟೈರ್ ಆದ ಮೇಲೆ ಸಹ ಬರ್ತಿದ್ರು. ಆಚೀಚೆ ಮನೆ ಮಕ್ಕಳನ್ನು ಅಂಗಳದಲ್ಲಿ ಕೂರಿಸಿ ತೋರಿಸ್ಲಿಕ್ಕಂತೆ. ಈಗ ಕಾಣುವುದೇ ಇಲ್ಲ. ಹುಷಾರಿದ್ದಾರಾ?"

ನಿಲ್ಲಿಸಿರಲಿಲ್ಲ ನಮ್ಮ ಟೀಚರ್. ಶಾಲೆ ಬೇಡವೆಂದದ್ದನ್ನು ಅಂಗಳದಲ್ಲಿ ಮಾಡಿದ್ದರು. ಇಷ್ಟು ವರ್ಷ ಇದೇ ಊರಿನಲ್ಲಿದ್ದು ನನಗದು ಗೊತ್ತೇ ಇರಲಿಲ್ಲ.

"ಹೋದ ಮಳೆಗಾಲದಲ್ಲಿ ತೀರಿಕೊಂಡರಮ್ಮ."

ಅವರು ಕೈಯಲ್ಲಿದ್ದ ಮೀನನ್ನು ವಾಪಸು ಇಟ್ಟರು. ಐಸಿನಡಿಗೆ ಕೈ ಹಾಕಿ, ಒಂದೊಂದನ್ನೇ ಎತ್ತಿ, ಕಿವಿ ಬಿಡಿಸಿ ಬಿಡಿಸಿ ನೋಡಿ, ಕಡೆಗೆ ಒಂದನ್ನು ಆರಿಸಿದರು. "ಇದು ತಕ್ಕೊಳ್ಳಿ. ಒಳ್ಳೆ ಕೆಂಪು ಉಂಟು. ಅವ್ರಿಗೆ ಇಂಥದ್ದೇ ಆಗ್ಬೇಕು."

ಕ್ಲಾಸಿನಲ್ಲಿ ಬೋರ್ಡಿಗೆ ಜೋಡಿಸಿದ ಪುಟ್ಟ ಕ್ಯಾಮೆರಾದ ಕೆಳಗೆ ಮೀನಿಟ್ಟು ದೀಪ ಹಾಕಿದೆ. ಎರಡು ಬೆರಳಿನಿಂದ ಅದರ ಕಿವಿ ಬಿಡಿಸಿದೆ. ಬೋರ್ಡಿನ ತುಂಬ ಕೆಂಪು ಬಾಚಣಿಗೆಗಳು ಮೂಡಿದವು. ನೋಡಿ ಎಂದೆ.

"ಹಿಂದೆ ಕೂತವರಿಗೆ ಕಾಣ್ತದಾ?"

"ಕಾಣ್ತದೆ ಮಿಸ್!"

ಈಗಿನ ದೀಪಗಳು ಎಷ್ಟು ಹೊತ್ತು ಉರಿದರೂ ಬಿಸಿಯಾಗುವುದಿಲ್ಲ. ಗೊತ್ತಿದ್ದೂ ನಾನು ಮೇಜಿನ ಪಕ್ಕ ಸ್ವಲ್ಪ ಹೊತ್ತು ಕಾದು ನಿಂತೆ... ವಾಸನೆ ಬರಲಿಲ್ಲ.