ಮಳೆಬೀದಿಯ ಬಿಳಿ ತುಣುಕು

ಇವತ್ತೂ ಹೇಳದೆ ಹೋದರೆ? ಬೆಳಗಿನ ಆರಕ್ಕೆ ಅಚ್ಚುಮನೆಯ ಬೀಗ ತೆಗೆಯುತ್ತಾ ಅವಳು ತನ್ನನ್ನು ತಾನೇ ಕೇಳಿಕೊಳ್ಳುತ್ತಾಳೆ. ಒಂಬತ್ತು ವರ್ಷದಿಂದ ಇದೇ ಬೀಗ, ಇದೇ ಪ್ರಶ್ನೆ.

ತಾಮ್ರದ ತಗಡನ್ನು ಬಿಸಿಗಿಡುತ್ತಾಳೆ. ಚಿತ್ರಕಾರ ಮೇಷ್ಟ್ರು ಸೂಜಿಯಲ್ಲಿ ಗೀರಿ, ಆಮ್ಲಕ್ಕೆ ತಿನ್ನಿಸಿದ ನಗರದ ಬೀದಿ ಅದರಲ್ಲಿದೆ: ಓರೆ ಮಳೆ, ಬೆನ್ನು ತಿರುಗಿಸಿದ ಕೊಡೆಗಳು, ಮುಚ್ಚಿದ ಅಂಗಡಿಗಳು. ಗೀರುಗಳಿಗೆ ಶಾಯಿ ತುಂಬಿ, ಮೇಲುಳಿದದ್ದನ್ನು ಮೊದಲು ಬಟ್ಟೆಯಿಂದ, ಆಮೇಲೆ ಅಂಗೈಯಿಂದ ಒರೆಸಿ, ಒದ್ದೆ ಕಾಗದವಿಟ್ಟು ಪ್ರೆಸ್ಸಿನ ಚಕ್ರ ತಿರುಗಿಸುವುದು ಅವಳ ಕೆಲಸ. ಒಂದು ಪ್ರತಿಗೆ ಒಂದು ಗಂಟೆ, ದಿನಕ್ಕೆ ಐದು. ಭುಜದ ನೋವು ಸಂಬಳದ ಜೊತೆ ಬಂದ ಬಳುವಳಿ.

"ಬರೆಯೋರು ಮೇಷ್ಟ್ರು, ನಾನು ಒರೆಸೋಳು" ಎಂದು ಕೇಳಿದವರ ಮುಂದೆ ನಗುತ್ತಾಳೆ. "ಉಗುರಿನ ಕಪ್ಪು ಹೋಗೋದೇ ಇಲ್ಲ. ಹಿಟ್ಟು ಕಲಸೋಕೆ ಹೋದ್ರೆ ಅಕ್ಕ ಕೈಮೇಲೆ ಹೊಡೀತಾಳೆ."

ಚಿತ್ರ ಹೆಸರಾದದ್ದು ಬೀದಿಯ ನಡುವಿನ ಬಿಳಿ ತುಣುಕಿನಿಂದ. ಸುತ್ತಲೂ ಕಪ್ಪು; ಅಲ್ಲಿ ಮಾತ್ರ, ಯಾರೋ ಈಗಷ್ಟೇ ನಿಂತು ಹೋದಂತೆ ಒಂದಿಷ್ಟು ಬೆಳಕು. ಅಗಲಿದವರ ಸಂಕೇತವೆಂದರು ಕೆಲವರು, ಬರಲಿರುವವರ ಸಂಕೇತವೆಂದರು ಕೆಲವರು. ಅಸಲಿಗೆ, ಮೊದಲ ಪ್ರತಿ ತೆಗೆಯುವಾಗ ಅವಳು ಒಲೆಯ ಮೇಲೆ ಹಾಲಿಟ್ಟು ಬಂದೆನೇ ಎಂದು ಯೋಚಿಸುತ್ತಿದ್ದಳು. ಅಂಗೈ ಒಂದೇ ಕಡೆ ಹೆಚ್ಚು ಒರೆಸಿಬಿಟ್ಟಿತ್ತು; ಅಲ್ಲಿ ಶಾಯಿಯೇ ಉಳಿದಿರಲಿಲ್ಲ. ಬೈಗುಳಕ್ಕೆ ಕಾದಿದ್ದವಳಿಗೆ ಮೇಷ್ಟ್ರ ಬಾಯಿಂದ ಕೇಳಿಸಿದ್ದು ಬೇರೆಯೇ: "ನೋಡಮ್ಮಾ ಈ ಬೆಳಕು, ಆಮ್ಲ ಹೇಗೆ ಕೈಹಿಡಿದಿದೆ!" ತೆರೆದ ಬಾಯಿ ಅಲ್ಲೇ ಮುಚ್ಚಿತು. ಅಂದಿನಿಂದ ಪ್ರತಿ ಪ್ರತಿಯಲ್ಲೂ ಅದೇ ತಪ್ಪನ್ನು ಅದೇ ಜಾಗದಲ್ಲಿ ಮಾಡುತ್ತಾ ಬಂದಿದ್ದಾಳೆ.

ಆ ಬೆಳಕನ್ನು ಮತ್ತೆ ಹಿಡಿಯಲು ಹೋಗಿ ಮೇಷ್ಟ್ರು ಆಮ್ಲದಲ್ಲಿ ಕೆಡಿಸಿದ ತಗಡುಗಳು ಗೋಡೆಗೊರಗಿವೆ. ಮೂವತ್ತೊಂದು. ಧೂಳು ಹೊಡೆಯುವಾಗಲೆಲ್ಲ ಅವಳಿಗೆ ಕೈ ಭಾರವಾಗುತ್ತದೆ. ಅಂದೇ ಹೇಳಿದ್ದರೆ ಒಂದು ಬೈಗುಳದಲ್ಲಿ ಮುಗಿಯುತ್ತಿತ್ತು. ಈಗ ಅವರ ಕಣ್ಣೂ ಮಂಜಾಗುತ್ತಿದೆ.

ಮೇಷ್ಟ್ರು ಕೋಲೂರಿಕೊಂಡು ಒಳಬರುತ್ತಾರೆ, ಕಂಕುಳಲ್ಲಿ ಮೂವತ್ತೆರಡನೆಯ ತಗಡು.

"ಏನೇ ಮೂಕಮ್ಮಾ, ಬಾಯಲ್ಲಿ ನೀರು ತುಂಬ್ಕೊಂಡಿದೀಯಾ? ಆಮ್ಲ ತೆಗಿ. ಇದೂ ಕೈಕೊಟ್ರೆ ಸೂಜಿ ಕೆಳಗಿಡ್ತೀನಿ. ನನ್ನಲ್ಲೇ ಏನೋ ಬತ್ತಿಹೋಗಿದೆ."

ಬಾಟಲಿಗೆ ಚಾಚಿದ ಕೈಯನ್ನು ಅವಳು ಹಿಂದಕ್ಕೆಳೆದುಕೊಳ್ಳುತ್ತಾಳೆ. ಶಾಯಿ ಮೆತ್ತಿದ ಅಂಗೈಯನ್ನು ಅವರ ಕಣ್ಣಿಗೆ ಕಾಣುವಷ್ಟು ಹತ್ತಿರ ಹಿಡಿಯುತ್ತಾಳೆ.

"ಆಮ್ಲ ಬೇಡ ಮೇಷ್ಟ್ರೇ. ಆ ಬೆಳಕು ತಗಡಲ್ಲಿಲ್ಲ. ಅದು ನನ್ನ ಕೈ."