ತಮ್ಮನ ಕೊರಳಿನ ಕರಡಿಗೆ

ಲಷ್ಕರ್ ಮೊಹಲ್ಲಾದ ಓಣಿಯೊಂದರಲ್ಲಿ ದಾಕ್ಷಾಯಣಮ್ಮ ಊದುಬತ್ತಿ ಹೊಸೆದು ಬದುಕುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಅವರಿಗೆ ಉಳಿದವನು ತಮ್ಮ ಗುರುಮಲ್ಲಪ್ಪನೊಬ್ಬನೇ. ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದವನು, ಪ್ರಾಯಕ್ಕೆ ಬರುತ್ತಲೇ ಗೋಡೆಯೊಳಗಿಂದ ಯಾರೋ ಬೈಯುತ್ತಾರೆ ಎನ್ನತೊಡಗಿದ. ಕೆಲಸ ಹೋಯಿತು. ಆವೇಶ ಬಂದಾಗ ತೊಟ್ಟ ಬಟ್ಟೆಯನ್ನೇ ಹರಿದು ಎಸೆಯುತ್ತಿದ್ದ.

ಅಂಥ ಒಂದು ದಿನ ದಾಕ್ಷಾಯಣಮ್ಮ ಅವನ ಕೊರಳಿನ ಇಷ್ಟಲಿಂಗವನ್ನು ಅದನ್ನಿಡುವ ಬೆಳ್ಳಿಯ ಕರಡಿಗೆಯ ಸಮೇತ ಬಿಚ್ಚಿ ದೇವರ ಗೂಡಿನಲ್ಲಿಟ್ಟರು. ಹುಟ್ಟಿದಾಗ ಕಟ್ಟಿದ್ದು, ಮಣ್ಣಿಗೆ ಹೋಗುವಾಗಲೂ ಮೈಮೇಲೇ ಇರಬೇಕಾದದ್ದು; ಅದಿಲ್ಲದವನು ಬದುಕಿದ್ದೂ ಸತ್ತಂತೆ ಎನ್ನುತ್ತಾರೆ. ಎಲ್ಲಾದರೂ ಎಸೆದುಬಿಟ್ಟರೆ ಏನು ಗತಿ ಎಂಬ ಭಯ.

ಸಾವಿರದ ಒಂಬೈನೂರ ಐವತ್ತೆಂಟರ ಬೇಸಿಗೆಯಲ್ಲಿ ಅವನು ಬೆಂಗಳೂರಿನ ಮಾನಸಿಕ ಆಸ್ಪತ್ರೆಯಿಂದ ಮರಳಿದ. ಮಾತ್ರೆಯ ದೆಸೆಯಿಂದ ಗೋಡೆಯೊಳಗಿನ ಕೂಗು ತಗ್ಗಿತ್ತು. ಮೆತ್ತಗಾಗಿದ್ದ, ಹೇಳಿದ್ದು ಕೇಳುತ್ತಿದ್ದ, ಊರಾಚೆಯ ಬೆಟ್ಟದ ಕಡೆ ನೋಡುತ್ತ ಜಗಲಿಯಲ್ಲಿ ಕೂತಿರುತ್ತಿದ್ದ. ವಾಸಿಯಾಯಿತೆಂದು ಓಣಿಯೇ ಹೇಳಿತು. ಮನೆಗೆ ಹೋದ ಹೊಸದರಲ್ಲೇ ಹೆಚ್ಚು ಜೋಪಾನ ಬೇಕೆಂದಿದ್ದ ಅಲ್ಲಿನ ಡಾಕ್ಟರ ಮಾತು ದಾಕ್ಷಾಯಣಮ್ಮನಿಗೂ ಮರೆತುಹೋಗಿತ್ತು.

ಒಂದು ಮಧ್ಯಾಹ್ನ ಪಕ್ಕದ ಮನೆಯ ಭಾಗ್ಯಮ್ಮ ನಗುತ್ತ ಬಂದರು.

“ಅಕ್ಕಾ, ನಿಮ್ ತಮ್ಮ ಸನ್ಯಾಸಿ ಆಗೋ ಹಂಗವ್ನೆ ಕಣ್ರೀ. ಮಳೆ ಬರೋ ಹೊತ್ನಲ್ಲಿ ಕೊಡೇನ ನಮ್ಮನೆಯವ್ರಿಗೆ ಕೊಟ್ಬುಟ್ಟವ್ನೆ! ಇವ್ರೋ, ವಾಪಸ್ ಕೇಳ್ಬುಟ್ಟಾನು ಅಂತ ಮಂಚದ ಕೆಳಗೆ ಬಚ್ಚಿಟ್ಟವ್ರೆ.”

ಹೊಸೆಯುತ್ತಿದ್ದ ಕಡ್ಡಿ ದಾಕ್ಷಾಯಣಮ್ಮನ ಕೈಯಲ್ಲೇ ನಿಂತಿತು. ಬೆಳಿಗ್ಗೆ ಅವನು ಒಳ್ಳೆಯ ಅಂಗಿಯನ್ನು ಹಾಲಿನವನಿಗೆ ಕೊಟ್ಟದ್ದು ನೆನಪಾಯಿತು. ಇನ್ನು ಯಾವುದೂ ಬೇಡವೆಂಬಂತೆ ಇದ್ದದ್ದನ್ನೆಲ್ಲ ಹಂಚುತ್ತಿದ್ದಾನೆ ಎನ್ನಿಸಿ, ಎದ್ದು ಹೋಗಿ ತಮ್ಮನೆದುರು ಕೂತರು. ಸಾವಿನ ಮಾತು ಬಾಯಿಗೆ ಬರಬಾರದೆಂದು ಬೆಳೆದವರು, ಆದರೂ ಕೇಳಿದರು.

“ಮಲ್ಲಪ್ಪ, ಸಾಯ್ಬೇಕು ಅಂದ್ಕಂಡಿದ್ದೀಯೇನಪ್ಪ?”

ಅವನು ತನ್ನ ಬರಿಗೊರಳನ್ನು ಸವರಿಕೊಂಡ.

“ಲಿಂಗ ಬಿಚ್ಚಿಟ್ಟ ದಿನಾನೇ ನೀವು ನನ್ನ ಸತ್ತೋರ ಜೊತೆ ಸೇರಿಸ್ಬುಟ್ರಲ್ಲಕ್ಕ. ನಾನೇ ತಡ ಮಾಡ್ತಿದೀನಿ.”

“ಅಯ್ಯೋ ನನ್ನಪ್ಪ! ಕಳೆದೋದಾತು ಅಂತ ತೆಗೆದಿಟ್ಟೆ ಕಣೋ. ದಿನಾ ಅದಕ್ಕೆ ಪತ್ರೆ ಏರಿಸ್ತಿದ್ದೆ, ನೀನು ನೋಡ್ಲಿಲ್ವಾ?”

“ಸತ್ತೋರ ಫೋಟೋಕ್ಕೂ ಹೂ ಏರಿಸ್ತಾರೆ.”

ದಾಕ್ಷಾಯಣಮ್ಮ ಎದ್ದರು. ಗೂಡಿನಿಂದ ಕರಡಿಗೆ ತಂದು, ಹಣೆಗೊತ್ತಿಕೊಂಡು, ಅವನ ಕೊರಳಿಗೆ ಕಟ್ಟಿದರು.

“ಎಸೆದ್ಬುಡು ಬೇಕಾದ್ರೆ, ಹುಡುಕ್ಕೊಂಡು ತರ್ತೀನಿ. ನಿನ್ನ ಎಲ್ಲಿ ಹುಡುಕ್ಲಿ ನಾನು?”

ಅವನು ಅಕ್ಕನ ಮಡಿಲಿಗೆ ತಲೆಯಿಟ್ಟು ಅತ್ತ. ಅವತ್ತೇ ಅವನನ್ನು ಊರಿನ ಆಸ್ಪತ್ರೆಯ ಡಾಕ್ಟರ ಹತ್ತಿರ ಕರೆದೊಯ್ದರು. ಅವರು ಮಾತ್ರೆ ಬದಲಿಸಿ, ಒಬ್ಬನನ್ನೇ ಬಿಡಬೇಡಿ ಎಂದರು. ಕತ್ತಲಾಗುವ ಮೊದಲೇ ಭಾಗ್ಯಮ್ಮ ಕೊಡೆ ತಂದು ಬಾಗಿಲಿಗೆ ಒರಗಿಸಿ, ಅಲ್ಲೇ ಕೂತು ಕಡ್ಡಿ ಹೊಸೆಯತೊಡಗಿದರು.

ಲಿಂಗ ಕಟ್ಟಿದ್ದರಿಂದ ರೋಗ ಹೋಗಲಿಲ್ಲ. ಕೂಗು ಆಗಾಗ ಬರುತ್ತಲೇ ಇತ್ತು. ಆದರೆ ಬೆಳಿಗ್ಗೆ ಅಕ್ಕ ತಮ್ಮ ಒಟ್ಟಿಗೆ ಪೂಜೆಗೆ ಕೂರುತ್ತಿದ್ದರು. ಮುಗಿದ ಮೇಲೆ ದಾಕ್ಷಾಯಣಮ್ಮ ಕೇಳುತ್ತಿದ್ದರು:

“ಇವತ್ತು ಹೆಂಗದೆ ಮಲ್ಲಪ್ಪ, ಇರೋ ಮನಸ್ಸದೆಯಾ?”

ಹೆಚ್ಚಿನ ದಿನ ಅವನು “ಅದೆ” ಎನ್ನುತ್ತಿದ್ದ. “ಇಲ್ಲ” ಎಂದ ದಿನ ಅವರು ಊದುಬತ್ತಿಯ ಮಣೆ ಎತ್ತಿಟ್ಟು, ಕೊಡೆ ತೆಗೆದುಕೊಂಡು, ಅವನ ಕೈ ಹಿಡಿದು ಆಸ್ಪತ್ರೆಗೆ ಹೊರಡುತ್ತಿದ್ದರು.