ಸ್ಪ್ಯಾನಿಷಿನಲ್ಲಿ ಚಿಕ್ಕಮ್ಮ

ತೊಂಬತ್ತರ ದಶಕದಲ್ಲಿ ಮೂಡಬಿದ್ರೆಯಲ್ಲಿ ನಾನು ಎಸ್‌ಟಿಡಿ ಬೂತ್ ನಡೆಸುತ್ತಿದ್ದೆ. ಗಲ್ಫಿಗೆ ಹೋಗುವ ಮಾತೆಲ್ಲ ನನ್ನ ಕಿವಿ ದಾಟಿಯೇ ಹೋಗಬೇಕಿತ್ತು. ಕೇಳಬಾರದೆಂದು ಗೊತ್ತಿದ್ದೂ ಕೇಳುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ನಮ್ಮೂರಲ್ಲಿ ಮಾತಿನ ಮಧ್ಯೆ ಭಾಷೆ ಬದಲಾಯಿಸಿದರೆ ಅದಕ್ಕೊಂದು ಅರ್ಥವಿದೆ. ಗಿರಾಕಿ ಕನ್ನಡದವನಾದರೆ ಅಂಗಡಿಯವರು ತಮ್ಮೊಳಗೆ ತುಳುವಿಗೆ ಹೊರಳುತ್ತಾರೆ. ತುಳುವಿನವನಾದರೆ ಬ್ಯಾರಿಗೋ ಕೊಂಕಣಿಗೋ. ಎದುರಿಗೆ ನಿಂತವನ ವಿಷಯವೇ ನಡೆಯುತ್ತಿದೆ ಎಂದು ತಿಳಿಯಬೇಕು. ನಾನೂ ಅದನ್ನೇ ಮಾಡುವವಳು.

ಹಾಗಾಗಿ ಆ ಸ್ಪೇನ್ ದೇಶದ ಹುಡುಗಿಯ ಮೇಲೆ ನನಗೆ ಗುಮಾನಿ ಬಂತು. ಬಸದಿಯ ಕಂಬಗಳ ಚಿತ್ರ ಬಿಡಿಸಲು ಬಂದು ನನ್ನ ಚಿಕ್ಕಮ್ಮನ ಮನೆಯ ಹೊರಕೋಣೆಯಲ್ಲಿ ಬಾಡಿಗೆಗಿದ್ದಳು; ನಾನು ಕರೆಯುವುದನ್ನು ಕೇಳಿ ಅವಳೂ ಅವರನ್ನು ಚಿಕ್ಕಮ್ಮ ಎಂದೇ ಕರೆಯುತ್ತಿದ್ದಳು. ನಮ್ಮೊಡನೆ ನಗುನಗುತ್ತಾ ಇಂಗ್ಲಿಷ್ ಆಡುತ್ತಿದ್ದವಳು ನನ್ನ ಬೂತಿನಲ್ಲಿ ಮನೆಗೆ ಫೋನು ಹಿಡಿದೊಡನೆ ಸ್ಪ್ಯಾನಿಷಿಗೆ ಹೊರಳುತ್ತಿದ್ದಳು. ಬಿಳಿಯರೆಲ್ಲ ಮನೆಯಲ್ಲೂ ಇಂಗ್ಲಿಷನ್ನೇ ಆಡುತ್ತಾರೆಂದು ನಂಬಿದ್ದವರು ನಾವು.

“ಇಂಗ್ಲಿಷ್ ಬರುವವಳಿಗೆ ಇದು ಯಾಕೆ ಮಾರಾಯ್ತಿ? ಏನೋ ಉಂಟು,” ಎಂದರು ಪಕ್ಕದ ಬಟ್ಟೆ ಅಂಗಡಿಯವರು.

ಏನೋ ಇತ್ತು. ಆ ಅರ್ಥವಾಗದ ಮಾತಿನ ನಡುವೆ ‘ಚಿಕ್ಕಮ್ಮ, ಚಿಕ್ಕಮ್ಮ’ ಎಂದು ಸ್ಪಷ್ಟವಾಗಿ ಕೇಳುತ್ತಿತ್ತು. ಹೇಳುತ್ತಾ ಒಂದು ಸಲ ಅತ್ತುಬಿಟ್ಟಳು. ನಾನು ಓಡಿಹೋಗಿ ಚಿಕ್ಕಮ್ಮನ ಕಿವಿಗೆ ಹಾಕಿದೆ.

“ನನ್ನ ಬಗ್ಗೆ ಏನಂತೆ?” ಎಂದರು ಅವರು.

“ಅದು ಗೊತ್ತಾಗುವುದಿಲ್ಲ. ಆದರೆ ಒಳ್ಳೆಯದು ಹೇಳಿ ಯಾರಾದರೂ ಅಳ್ತಾರಾ?”

ಚಿಕ್ಕಮ್ಮ ಮೊದಲೇ ಹಗ್ಗವನ್ನು ಹಾವು ಅನ್ನುವವರು. ಮರುದಿನವೇ, ನೆಂಟರು ಬರುತ್ತಾರೆಂದು ನೆಪ ಹೇಳಿ ಕೋಣೆ ಖಾಲಿ ಮಾಡಿಸಿದರು.

ಹೊರಡುವ ಮುಂಚೆ ಹುಡುಗಿ ಚೀಲ ಹೊತ್ತು ಬೂತಿಗೆ ಬಂದು ಮನೆಗೆ ಫೋನು ಮಾಡಿದಳು. ಮಾತಾಡುತ್ತಿದ್ದವಳು ರಿಸೀವರಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ತಿರುಗಿದಳು. ಹಿಂದಿನ ತಿಂಗಳು ಅವಳಿಗೆ ಜ್ವರ ಬಂದಾಗ ಚಿಕ್ಕಮ್ಮ ಮೂರು ದಿನ ಗಂಜಿ ಕೊಟ್ಟು ನೋಡಿಕೊಂಡಿದ್ದರು. ಅದಕ್ಕೆ ಅವಳ ತಾಯಿ ಚಿಕ್ಕಮ್ಮನಿಗೆ ಧನ್ಯವಾದ ಹೇಳಬೇಕಂತೆ, ಫೋನು ಮಾಡಿದಾಗೆಲ್ಲ ಅದೇ ಮಾತಂತೆ. ಕೋಣೆ ಬಿಡಿಸಿದ್ದನ್ನು ಅವಳು ತಾಯಿಗೆ ಹೇಳಿರಲಿಲ್ಲ. ಹೇಳಿದರೆ ಹೆದರುತ್ತಾರಂತೆ.

“ನೀವೇ ಚಿಕ್ಕಮ್ಮ ಅನ್ನುವ ಹಾಗೆ ಹೂಂ ಅನ್ನಿ, ಅಷ್ಟು ಸಾಕು,” ಎಂದು ಇಂಗ್ಲಿಷಿನಲ್ಲಿ ಬೇಡಿಕೊಂಡು ರಿಸೀವರನ್ನು ನನ್ನ ಕೈಗಿಟ್ಟಳು.

ನಾಚಿಕೆಯಿಂದ ನನಗೆ ನೆಲ ಬಿರಿದು ನುಂಗಬಾರದೇ ಅನಿಸಿತು. ಆ ತಾಯಿ ‘ಚಿಕ್ಕಮ್ಮಾ’ ಎಂದು ಕರೆದು, ಅಳುತ್ತಾ, ತುಂಬ ಹೊತ್ತು ಮಾತಾಡಿದರು. ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಹೂಂ, ಹೂಂ ಎನ್ನುತ್ತಾ ನಿಂತಿದ್ದೆ.